ಬಣ್ಣ ಕೊನೆಗೆ: ಕೊಟ್ಟಿಗೆಯ ಯೆಜ್ಡಿ ಮತ್ತೆ ಓಡಿದ ಬಗೆ

ನಮ್ಮ ಮನೆ ಬಿಸಿಲೆ ಕಡೆ. ಮನೆಯ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಒಂದು ಯೆಜ್ಡಿ ಹದಿಮೂರು ವರ್ಷದಿಂದ ನಿಂತಿತ್ತು. ಅದರ ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತು, ಹ್ಯಾಂಡಲಿಗೆ ಅಮ್ಮಿ ಈರುಳ್ಳಿ ಚೀಲ ನೇತುಹಾಕುತ್ತಿದ್ದರು. ಕಾಫಿ ತೋಟದಲ್ಲಿ ರೈಟರ್ ಆಗಿದ್ದ ನಮ್ಮ ದಾದಾ 1984ರಲ್ಲಿ ಕೊಂಡ ಬೈಕು ಅದು.

ಕಳೆದ ವರ್ಷ ಮಾರ್ಚ್‌ನಲ್ಲಿ ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿದ. ಅಬ್ಬಾ ಒಪ್ಪಿದರು. ದಾದಾ ಏನೂ ಮಾತಾಡದೆ ಒಳಗೆ ಹೋಗಿ, ಟ್ರಂಕಿನಿಂದ ಬೈಕಿನ ಆರ್.ಸಿ. ಪುಸ್ತಕ ತಂದು ಜಗಲಿ ಮೇಲೆ ಇಟ್ಟರು. "ಕೊಡೋದಾದರೆ ಇದನ್ನೂ ಕೊಡಬೇಕಲ್ಲ" ಅಂದರು. ಆ ಪುಸ್ತಕವನ್ನು ಅವರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ನೂಲು ಕಟ್ಟಿ ಇಟ್ಟಿದ್ದರು. ಅಬ್ಬಾ ಗುಜರಿಯವನಿಗೆ "ಆಮೇಲೆ ನೋಡೋಣ" ಅಂದು ಕಳಿಸಿದರು.

ಅದನ್ನು ಸರಿಮಾಡುತ್ತೇನೆಂದು ನಾನು ಹೇಳಿದಾಗ ಅಬ್ಬಾ ಹಾಕಿದ ಷರತ್ತು ಎರಡು: ಓದಿಗೆ ತೊಂದರೆ ಆಗಬಾರದು, ಒಂದು ವರ್ಷದಲ್ಲಿ ಓಡದಿದ್ದರೆ ಗುಜರಿಗೆ. ಸಕಲೇಶಪುರದಲ್ಲಿ ಬಹಳ ಕಾಲ ಗ್ಯಾರೇಜ್ ನಡೆಸಿದ ನಮ್ಮ ಮಾಮು ಕೈಹಿಡಿದು ಕಲಿಸಿದರು. ನಮ್ಮ ಕಾಲೇಜಿನ ಎಷ್ಟೋ ಗೆಳೆಯರ ಮನೆಯಲ್ಲಿ ಹೀಗೇ ಒಂದು ಹಳೆ ಬೈಕು ನಿಂತಿರುವುದು ನನಗೆ ಗೊತ್ತು. ಅವರಿಗಾಗಿ ಈ ಲೇಖನ. ನಾನು ಮಾಡಿದ ತಪ್ಪುಗಳನ್ನೂ ಮುಚ್ಚಿಡದೆ ಬರೆದಿದ್ದೇನೆ.

ಮೈಸೂರಿನಲ್ಲಿ ಹುಟ್ಟಿದ ಬೈಕು

ಯೆಜ್ಡಿ ಎಂಬ ಹೆಸರು ಕೇಳಿ ಇದು ವಿದೇಶಿ ಬೈಕು ಎಂದು ನಾನೂ ಅಂದುಕೊಂಡಿದ್ದೆ. ಇದು ತಯಾರಾದದ್ದು ಮೈಸೂರಿನ ಯಾದವಗಿರಿಯಲ್ಲಿ. ಇರಾನಿ ಕುಟುಂಬದವರು ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಸಹಯೋಗದಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆ ಕಟ್ಟಿದರು. 1961ರಲ್ಲಿ ಅಲ್ಲಿಂದ ಜಾವಾ ಬೈಕುಗಳು ಹೊರಬಂದವು. ಜಾವಾ ಎಂದರೆ ದ್ವೀಪದ ಹೆಸರಲ್ಲ. ಸ್ಥಾಪಕ ಯಾನೆಚೆಕ್ ಹಾಗೂ ವಾಂಡರರ್ ಎಂಬ ಕಂಪನಿ, ಇವೆರಡರ ಮೊದಲ ಅಕ್ಷರಗಳನ್ನು ಸೇರಿಸಿ ಮಾಡಿದ ಹೆಸರು. 1970ರ ದಶಕದಲ್ಲಿ ಮೈಸೂರಿನ ಬೈಕಿಗೆ ಯೆಜ್ಡಿ ಎಂಬ ಹೆಸರು ಬಂತು. ಮುಂದೆ ಲೀಟರಿಗೆ ಹೆಚ್ಚು ದೂರ ಓಡುವ 100 ಸಿಸಿ ಬೈಕುಗಳು ಬಂದು ಮಾರಾಟ ಕುಸಿಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈಗ ಶೋರೂಮಿನಲ್ಲಿ ಕಾಣುವ ಹೊಸ ಜಾವಾ (2018) ಮತ್ತು ಹೊಸ ಯೆಜ್ಡಿ (2022) ಬೇರೆ ಕಂಪನಿಯವು, ಬೇರೆ ಎಂಜಿನ್‌ನವು.

ಹಳೆಯ ಯೆಜ್ಡಿಗೆ ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ಕಿಕ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಒಳಕ್ಕೆ ಒತ್ತಿ ತಿರುಗಿಸಿದರೆ ಅದೇ ಗೇರ್ ಲಿವರ್ ಕಿಕ್ಕರ್ ಆಗುತ್ತದೆ. ಸಿಲಿಂಡರಿನ ವ್ಯಾಸ 65 ಮಿ.ಮೀ., ಪಿಸ್ಟನ್ ಚಲಿಸುವ ದೂರ 75 ಮಿ.ಮೀ. ಸಿಲಿಂಡರಿನ ಘನಫಲದ ಸೂತ್ರ ಹಾಕಿ ನೋಡಿ: ಸುಮಾರು 249 ಘನ ಸೆಂಟಿಮೀಟರ್ ಬರುತ್ತದೆ. 250 ಸಿಸಿ ಅನ್ನುವುದು ಇದನ್ನೇ.

ಶತ್ರು ಯಾರು?

ನಮ್ಮ ಕಡೆ ಬೈಕನ್ನು ಕೊಲ್ಲುವುದು ಓಡಾಟಕ್ಕಿಂತ ಹೆಚ್ಚಾಗಿ ತೇವ. ಬಿಸಿಲೆ ಹತ್ತಿರದ ಮಂಕನಹಳ್ಳಿಯ ದಿಣ್ಣೆಯಲ್ಲಿ ಬಿದ್ದ ಮಳೆ ಎರಡು ಭಾಗವಾಗುತ್ತದೆ. ಒಂದು ಬದಿಯ ನೀರು ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ; ಇನ್ನೊಂದು ಬದಿಯದು ಕುಮಾರಧಾರೆ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಅಂಥ ಬೆಟ್ಟದ ನೆತ್ತಿಯ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಕಬ್ಬಿಣ ಹೇಗೆ ಒಣಗಿದ್ದೀತು?

ತುಕ್ಕು ಹಿಡಿಯುವುದು ನಾವು ರಸಾಯನಶಾಸ್ತ್ರದಲ್ಲಿ ಓದುವ ಉತ್ಕರ್ಷಣ ಕ್ರಿಯೆ. ಕಬ್ಬಿಣದ ಮೇಲೆ ತೇವದ ತೆಳು ಪದರ ಕೂತರೆ ಅಲ್ಲೊಂದು ಪುಟ್ಟ ವಿದ್ಯುತ್ ಕೋಶವೇ ಏರ್ಪಡುತ್ತದೆ. ಕಬ್ಬಿಣ ಎಲೆಕ್ಟ್ರಾನ್ ಕಳೆದುಕೊಳ್ಳುತ್ತದೆ, ಗಾಳಿಯ ಆಮ್ಲಜನಕ ಅದನ್ನು ಪಡೆಯುತ್ತದೆ, ಕೊನೆಗೆ ಉಳಿಯುವುದು ನೀರು ಸೇರಿದ ಐರನ್ ಆಕ್ಸೈಡ್. ಇದಕ್ಕೆ ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಹಾಗಾಗಿಯೇ ಬಣ್ಣ ಉಬ್ಬಿ ಏಳುತ್ತದೆ, ನಟ್ಟು ಬೋಲ್ಟಿಗೆ ಕಚ್ಚಿಕೊಳ್ಳುತ್ತದೆ. ಎಂಜಿನ್ನಿನ ಹೊರ ಕವಚ ಅಲ್ಯೂಮಿನಿಯಂನದು. ಅದರ ಆಕ್ಸೈಡ್ ಪದರ ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನೇ ಕಾಪಾಡುತ್ತದೆ. ಅದಕ್ಕೇ ಹದಿಮೂರು ವರ್ಷವಾದರೂ ಕವಚ ಬರೀ ಮಂಕಾಗಿತ್ತು, ಮಡ್‌ಗಾರ್ಡ್ ಮಾತ್ರ ಜಾಲರಿಯಾಗಿತ್ತು.

ಬಿಚ್ಚುವ ಮೊದಲು

ನಾನು ಮೊದಲ ದಿನವೇ ಬಣ್ಣದ ಅಂಗಡಿಗೆ ಹೊರಟಿದ್ದೆ. ಮಾಮು ನಕ್ಕರು. "ರೋಗಿಗೆ ಹೊಸ ಅಂಗಿ ತೊಡಿಸಿದರೆ ಜ್ವರ ಬಿಡುತ್ತದಾ?" ಅಂದರು. ಅವರು ಹೇಳಿದ ಕ್ರಮ ಇದು: ಮೊದಲು ಎಂಜಿನ್, ಆಮೇಲೆ ಬ್ರೇಕು ಮತ್ತು ಚಕ್ರ, ಆಮೇಲೆ ವೈರಿಂಗ್, ಬಣ್ಣ ಎಲ್ಲಕ್ಕಿಂತ ಕೊನೆಗೆ. ಕಾರಣ ಸರಳ. ದುಡ್ಡೆಲ್ಲ ಬಣ್ಣಕ್ಕೆ ಸುರಿದ ಮೇಲೆ ಎಂಜಿನ್ ಕೆಟ್ಟಿದೆ ಎಂದು ಗೊತ್ತಾದರೆ, ಹೊಳೆಯುವ ಬೈಕು ಮತ್ತೆ ಕೊಟ್ಟಿಗೆಗೇ ಹೋಗುತ್ತದೆ.

ಬಿಚ್ಚುವ ಮೊದಲು ಪ್ರತಿ ಭಾಗದ ಫೋಟೋ ತೆಗೆಯಬೇಕು. ಬಿಚ್ಚಿದ ನಟ್ಟು, ವಾಷರ್‌ಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಹೆಸರು ಬರೆದಿಡಬೇಕು. ನಾನು ಮೊದಲ ವಾರ ಎಲ್ಲವನ್ನೂ ಒಂದೇ ಬಕೆಟ್ಟಿಗೆ ಹಾಕಿದೆ. ಅವನ್ನು ವಿಂಗಡಿಸಲು ಎರಡು ಭಾನುವಾರ ಹೋಯಿತು.

ಇನ್ನೊಂದು ಮುಖ್ಯ ಮಾತು: ಬಹಳ ಕಾಲ ನಿಂತ ಬೈಕಿಗೆ ಮೊದಲೇ ಕಿಕ್ ಹೊಡೆಯಬಾರದು. ಒಳಗೆ ಪಿಸ್ಟನ್ ರಿಂಗು ಸಿಲಿಂಡರಿಗೆ ತುಕ್ಕಿನಿಂದ ಅಂಟಿರಬಹುದು. ಬಲ ಹಾಕಿದರೆ ಕಿಕ್ಕರಿನ ಹಲ್ಲು ಮುರಿಯುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಸ್ವಲ್ಪ ಸುರಿದು ಕೆಲವು ದಿನ ಬಿಟ್ಟೆವು. ನಂತರ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಅಲುಗಿಸಿದೆವು. ಐದನೇ ದಿನ ಪಿಸ್ಟನ್ ಕದಲಿತು.

ಎಂಜಿನ್: ಗಾಳಿ ಸೋರಬಾರದು

ಇದು ಟೂ ಸ್ಟ್ರೋಕ್ ಎಂಜಿನ್. ಇದರಲ್ಲಿ ವಾಲ್ವ್‌ಗಳಿಲ್ಲ, ಪಿಸ್ಟನ್ ತಾನೇ ಮೇಲೆ ಕೆಳಗೆ ಹೋಗುತ್ತ ಸಿಲಿಂಡರಿನ ಕಿಂಡಿಗಳನ್ನು ತೆರೆದು ಮುಚ್ಚುತ್ತದೆ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್ ಕೋಣೆಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿ ಮೇಲಕ್ಕೆ ಹೋಗುತ್ತದೆ. ಹಾಗಾಗಿ ಆ ಕೋಣೆಯಿಂದ ಗಾಳಿ ಸೋರಬಾರದು. ಅದನ್ನು ತಡೆಯುವುದು ಕ್ರ್ಯಾಂಕಿನ ಎರಡು ಬದಿಯ ರಬ್ಬರಿನ ಆಯಿಲ್ ಸೀಲ್. ನಿಂತ ಬೈಕಿನಲ್ಲಿ ಈ ಸೀಲುಗಳು ಒಣಗಿ ಗಟ್ಟಿಯಾಗುತ್ತವೆ. ಅಲ್ಲಿಂದ ಹೊರಗಿನ ಗಾಳಿ ನುಗ್ಗಿದರೆ ಮಿಶ್ರಣದಲ್ಲಿ ಪೆಟ್ರೋಲ್, ಆಯಿಲ್ ಎರಡೂ ಕಡಿಮೆಯಾಗಿ ಎಂಜಿನ್ ವಿಪರೀತ ಕಾದು ಸೀಜ್ ಆಗುತ್ತದೆ. ಸೀಲು ಅಗ್ಗದ ವಸ್ತು. ಅದನ್ನು ಉಳಿಸಲು ಹೋಗಿ ಪಿಸ್ಟನ್ ಕಳೆದುಕೊಂಡವರು ಬಹಳ ಮಂದಿ ಎಂದು ಮಾಮು ಹೇಳುತ್ತಾರೆ.

ನಮ್ಮ ಸಿಲಿಂಡರಿನ ಒಳಗೋಡೆಯಲ್ಲಿ ತುಕ್ಕಿನ ಗುಳಿಗಳಿದ್ದವು. ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ, ಅರ್ಧ ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಿಸಿದೆವು. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಮನೆಯಲ್ಲಿ ಮಾಡಬಹುದಾದದ್ದು ಹೊಗೆ ಹೋಗುವ ಕಿಂಡಿಯಲ್ಲೂ ಸೈಲೆನ್ಸರಿನಲ್ಲೂ ಕಟ್ಟಿಕೊಂಡ ಇಂಗಾಲವನ್ನು ಕೆರೆದು ತೆಗೆಯುವುದು, ಕಾರ್ಬುರೇಟರ್ ಬಿಚ್ಚಿ ಜೆಟ್ಟಿನ ಸಣ್ಣ ತೂತುಗಳನ್ನು ಸ್ವಚ್ಛ ಮಾಡುವುದು, ಪಾಯಿಂಟ್ ಉಜ್ಜಿ ಅದರ ಅಂತರವನ್ನು ಸುಮಾರು 0.4 ಮಿ.ಮೀ.ಗೆ ಹೊಂದಿಸುವುದು. ಜೆಟ್ಟಿಗೆ ತಂತಿ ತುರುಕಬಾರದು, ತೂತು ದೊಡ್ಡದಾಗುತ್ತದೆ.

ಈ ಎಂಜಿನ್ನಿಗೆ ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕು. ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂ ಸ್ಟ್ರೋಕ್ ಆಯಿಲ್, ಅಂದರೆ 25ಕ್ಕೆ 1. ಮರೆತು ಬರೀ ಪೆಟ್ರೋಲ್ ಹಾಕಿದರೆ ಕೆಲವೇ ಮೈಲಿಯಲ್ಲಿ ಕಥೆ ಮುಗಿಯುತ್ತದೆ.

ಟ್ಯಾಂಕ್: ನಿಂಬೆ ಉಪ್ಪಿನ ಪ್ರಯೋಗ

ಟ್ಯಾಂಕಿನ ಒಳಗೆ ತುಕ್ಕು ಇಣುಕುತ್ತಿತ್ತು. ಬಿಸಿ ನೀರಿನಲ್ಲಿ ನಿಂಬೆ ಉಪ್ಪು ಕರಗಿಸಿ ತುಂಬಿ ಒಂದು ರಾತ್ರಿ ಇಟ್ಟೆವು. ಅದು ಸಿಟ್ರಿಕ್ ಆಮ್ಲ, ತುಕ್ಕನ್ನು ಕರಗಿಸುತ್ತದೆ. ಬೆಳಿಗ್ಗೆ ಚೆಲ್ಲಿದಾಗ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಆಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಿಂದ ತೊಳೆದರೆ ಉಳಿದ ಆಮ್ಲ ತಟಸ್ಥವಾಗುತ್ತದೆ. ಇಷ್ಟು ಮಾಡಿ ನಾನು ಟ್ಯಾಂಕನ್ನು ಹಾಗೇ ಬಿಟ್ಟು ಟ್ಯೂಷನ್‌ಗೆ ಹೋದೆ. ಸಂಜೆ ಬಂದಾಗ ಒಳಗೆಲ್ಲ ಹೊಸ ತುಕ್ಕು! ಬೆತ್ತಲೆ ಕಬ್ಬಿಣಕ್ಕೆ ನಮ್ಮ ಗಾಳಿಯೇ ಸಾಕು. ಎರಡನೇ ಸಲ ತೊಳೆದ ಕೂಡಲೇ ಬಿಸಿಲಿಗಿಟ್ಟು ಒಣಗಿಸಿ, ಆಯಿಲ್ ಹಾಕಿ ಎಲ್ಲ ಬದಿಗೂ ಹೊರಳಿಸಿದೆವು.

ಎಚ್ಚರಿಕೆ: ಪೆಟ್ರೋಲ್ ಇದ್ದ ಖಾಲಿ ಟ್ಯಾಂಕಿನ ಹತ್ತಿರ ಬೆಂಕಿ, ವೆಲ್ಡಿಂಗ್ ಬೇಡವೇ ಬೇಡ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕು ಅಪಾಯ. ಇನ್ನೊಂದು: ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಅದು ತೇವವನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪನ್ನು ಹಾಳುಮಾಡುತ್ತದೆ. ಮಳೆಗಾಲವಿಡೀ ಬೈಕು ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬುರೇಟರನ್ನೂ ಖಾಲಿ ಮಾಡುವುದು ಒಳ್ಳೆಯದು.

ಬ್ರೇಕು ಮತ್ತು ದೀಪ

ಬಿಸಿಲೆ ಘಾಟಿಯ ತಿರುವು, ಮಂಜು, ಒದ್ದೆ ಎಲೆ ಬಿದ್ದ ರಸ್ತೆ ಎಲ್ಲರಿಗೂ ಗೊತ್ತು. ಅಲ್ಲಿ ಓಡಿಸುವ ಶಕ್ತಿಗಿಂತ ನಿಲ್ಲಿಸುವ ಶಕ್ತಿ ಮುಖ್ಯ. ಎರಡೂ ಚಕ್ರದ ಬ್ರೇಕ್ ಲೈನರ್, ಕೇಬಲ್, ಚಕ್ರದ ಬೇರಿಂಗ್, ಟೈರು, ಟ್ಯೂಬು ಎಲ್ಲ ಹೊಸದು ಹಾಕಿದೆವು. ಟೈರಿನ ಅಚ್ಚು ಚೆನ್ನಾಗಿ ಕಂಡರೂ ರಬ್ಬರ್ ಬಿರುಕು ಬಿಟ್ಟಿದ್ದರೆ ನಂಬಬಾರದು. ಹಳೆಯ ಲೈನರುಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿದೆ. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಡ್ರಮ್ಮನ್ನು ಗಾಳಿಯಿಂದ ಊದಬೇಡಿ. ಮುಖಕ್ಕೆ ಮಾಸ್ಕ್ ಹಾಕಿ ಒದ್ದೆ ಬಟ್ಟೆಯಿಂದ ಒರೆಸಿ.

ವೈರುಗಳನ್ನು ಇಲಿ ತಿಂದಿತ್ತು. ನಮ್ಮದು 6 ವೋಲ್ಟಿನ ಬೈಕು. ದೀಪ ಮಂಕಾಗಿದ್ದಕ್ಕೆ ನಾನು ಬಲ್ಬನ್ನು ಬೈದೆ. ತಪ್ಪು ಅರ್ಥ್ ತಂತಿ ಕೂರುವ ಜಾಗದ ತುಕ್ಕಿನದು. ವೋಲ್ಟೇಜ್ ಕಡಿಮೆ ಇರುವಲ್ಲಿ ಸಣ್ಣ ರೋಧವೂ ದೊಡ್ಡ ನಷ್ಟ. ಆ ಜಾಗವನ್ನು ಎಮರಿ ಪೇಪರಿನಿಂದ ಉಜ್ಜಿದ ಮೇಲೆ ಅದೇ ಬಲ್ಬು ಚೆನ್ನಾಗಿ ಉರಿಯಿತು.

ನನ್ನ ದೊಡ್ಡ ತಪ್ಪು

ಚೆಸ್ಸಿಯ ತುಕ್ಕು ತೆಗೆಯುವ ಉತ್ಸಾಹದಲ್ಲಿ ಒಂದು ಮಧ್ಯಾಹ್ನ ಗ್ರೈಂಡರಿಗೆ ತಂತಿ ಬ್ರಶ್ ಹಾಕಿ ಹ್ಯಾಂಡಲ್ ಕೆಳಗಿನ ಭಾಗ ಉಜ್ಜುತ್ತಿದ್ದೆ. ದಾದಾ ಕೋಲೂರಿಕೊಂಡು ಬಂದು "ನಿಲ್ಲಿಸು ಬೇಟಾ, ಅಲ್ಲಿ ನಂಬರ್ ಇದೆ" ಅಂದರು. ಚೆಸ್ಸಿ ನಂಬರಿನ ಎರಡು ಅಂಕಿ ಆಗಲೇ ತೆಳುವಾಗಿದ್ದವು. ನನ್ನ ಪುಣ್ಯ, ಓದಲು ಬರುತ್ತಿದ್ದವು.

ಆ ಅಂಕಿಗಳಿಲ್ಲದಿದ್ದರೆ ನಮ್ಮ ಕೆಲಸವೆಲ್ಲ ನೀರಲ್ಲಿ ಹೋಮ. ಬೈಕಿನ ನೋಂದಣಿಗೆ 15 ವರ್ಷದ ಅವಧಿ. ಆಮೇಲೆ ಐದೈದು ವರ್ಷಕ್ಕೊಮ್ಮೆ ನಮೂನೆ 25ರಲ್ಲಿ ಅರ್ಜಿ ಹಾಕಿ, ಆರ್.ಟಿ.ಓ. ಕಚೇರಿಗೆ ಬೈಕು ತೋರಿಸಿ ನವೀಕರಿಸಬೇಕು. ಅಲ್ಲಿ ಚೆಸ್ಸಿ ನಂಬರನ್ನೂ ಎಂಜಿನ್ ನಂಬರನ್ನೂ ಆರ್.ಸಿ. ಜೊತೆ ಹೋಲಿಸುತ್ತಾರೆ. ನಂಬರ್ ಅಳಿಸಿದ ಬೈಕು ಕಾನೂನಿನ ಕಣ್ಣಿಗೆ ಅನುಮಾನದ ಬೈಕು. ಅಲ್ಲಿ ಪುಟ್ಟಿ ಬೇಡ, ದಪ್ಪ ಬಣ್ಣ ಬೇಡ, ಗ್ರೈಂಡರಂತೂ ಬೇಡ. ಕೈಯಿಂದ ಮೆಲ್ಲಗೆ ಒರೆಸಿ, ತೆಳುವಾಗಿ ಆಯಿಲ್ ಹಚ್ಚಿ ಸಾಕು. 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆ 2021ರಿಂದ ಪ್ರತ್ಯೇಕ ವಿಂಟೇಜ್ ನೋಂದಣಿ ಇದೆ. ನಮ್ಮ ಬೈಕಿಗೆ ಆ ವಯಸ್ಸಾಗಿಲ್ಲ, ಸಾಮಾನ್ಯ ನವೀಕರಣವೇ ದಾರಿ. ಜೊತೆಗೆ ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರವೂ ಬೇಕು. ಅದಕ್ಕೂ ಪಿಯುಸಿ ಅಂತಲೇ ಹೆಸರು. ಬೈಕು ನನಗಿಂತ ಮೊದಲು ಪಿಯುಸಿ ಪಾಸಾಯಿತು ಎಂದು ಮನೆಯಲ್ಲಿ ತಮಾಷೆ ಮಾಡುತ್ತಾರೆ.

ಬದಲಾಯಿಸುವುದು ಎಷ್ಟು?

ನಿಜ ಹೇಳುತ್ತೇನೆ, ನನಗೆ ಬೇಕಿದ್ದದ್ದು ವಿಡಿಯೋಗಳಲ್ಲಿ ನೋಡಿದಂಥ ಬೈಕು: ಹಿಂದಿನ ಮಡ್‌ಗಾರ್ಡ್ ಕತ್ತರಿಸಿ, ಚೆಸ್ಸಿ ಗಿಡ್ಡ ಮಾಡಿ, ಸೈಲೆನ್ಸರ್ ಮೊಟಕು ಮಾಡಿ ಗುಡುಗುವಂಥದ್ದು. ಇದಕ್ಕೆ ಮೂರು ಅಡ್ಡಿಗಳಿವೆ.

ಮೊದಲನೆಯದು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್.ಸಿ.ಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಎರಡನೆಯದು ವಿಜ್ಞಾನ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಸೈಲೆನ್ಸರ್ ಬರೀ ಸದ್ದು ಅಡಗಿಸುವುದಿಲ್ಲ. ಹೊಗೆಯ ಜೊತೆ ಹೊರಗೆ ಓಡುವ ಹೊಸ ಮಿಶ್ರಣವನ್ನು ಒತ್ತಡದ ಅಲೆಯಿಂದ ಹಿಂದಕ್ಕೆ ತಳ್ಳುವ ಕೆಲಸವೂ ಅದರದ್ದೇ. ಕತ್ತರಿಸಿದರೆ ಸದ್ದು ಹೆಚ್ಚುತ್ತದೆ, ಎಳೆಯುವ ಶಕ್ತಿ ಕುಗ್ಗುತ್ತದೆ. ಮೂರನೆಯದು ನಮ್ಮ ಊರು. ಸಕಲೇಶಪುರ, ಆಲೂರು ಕಡೆ ಆನೆಗಳು ರಸ್ತೆಗೆ ಬರುವುದು ಹೊಸತಲ್ಲ. ಗುಡುಗುವ ಬೈಕಿನ ಮೇಲೆ ಕೂತವನಿಗೆ ಪಕ್ಕದ ತೋಟದಲ್ಲಿ ಬಿದಿರು ಮುರಿಯುವ ಸದ್ದು ಕೇಳಿಸುವುದಿಲ್ಲ.

ಮಾಮು ಕೊಟ್ಟ ಸೂತ್ರ ನನಗೆ ಹಿಡಿಸಿತು: ಮತ್ತೆ ಬಿಚ್ಚಿ ಮೊದಲಿನಂತೆ ಮಾಡಲು ಸಾಧ್ಯವಾಗುವ ಬದಲಾವಣೆ ಮಾತ್ರ ಮಾಡು, ಕತ್ತರಿಸುವ ಬದಲಾವಣೆ ಮಾಡಬೇಡ. ಹಾಗಾಗಿ ಎರಡೂ ಬದಿ ಕನ್ನಡಿ ಹಾಕಿದೆವು, ದಾದಾನ ಮಂಡಿನೋವಿಗೆಂದು ಸೀಟಿನ ಫೋಮ್ ತೆಳು ಮಾಡಿಸಿದೆವು, ಹಿಂದೆ ಬೋಲ್ಟ್ ಹಾಕಿ ಕೂರಿಸುವ ಕ್ಯಾರಿಯರ್ ಸೇರಿಸಿದೆವು. ಸೀಟಿನ ಹಳೆಯ ಫೋಮ್ ಅಟ್ಟದಲ್ಲಿದೆ.

ಬಣ್ಣಕ್ಕೆ ಡಿಸೆಂಬರ್‌ವರೆಗೆ ಕಾದೆವು. ಮಳೆಗಾಲದಲ್ಲಿ ಸ್ಪ್ರೇ ಮಾಡಿದರೆ ಗಾಳಿಯ ತೇವ ಒಳಸೇರಿ ಬಣ್ಣ ಹಾಲಿನಂತೆ ಬೆಳ್ಳಗಾಗುತ್ತದೆ. ಕಾಫಿ ಹಣ್ಣು ಒಣಗುವ ಬಿಸಿಲು ಬಂದರೆ ಬಣ್ಣವೂ ಒಣಗುತ್ತದೆ. ಟ್ಯಾಂಕಿನ ಮೂಲ ಬಣ್ಣ ಮುಕ್ಕಾಲು ಪಾಲು ಚೆನ್ನಾಗಿತ್ತು. ದಾದಾನ ಮೊಣಕಾಲು ತಾಗಿ ಸವೆದ ಜಾಗ ಒಂದಿತ್ತು. ಅದನ್ನು ಹಾಗೇ ಬಿಟ್ಟು ಪಾರದರ್ಶಕ ಲೇಪ ಮಾತ್ರ ಹೊಡೆದೆವು. ಹೊಸ ಬಣ್ಣ ಯಾವಾಗ ಬೇಕಾದರೂ ಬಳಿಯಬಹುದು, ಹಳೆಯದನ್ನು ತರಲಾಗುವುದಿಲ್ಲ.

ಸದ್ದು

ಜನವರಿಯ ಒಂದು ಭಾನುವಾರ ಹನ್ನೊಂದನೇ ಕಿಕ್ಕಿಗೆ ಬೈಕು ಸ್ಟಾರ್ಟ್ ಆಯಿತು. ಕೋಳಿಗಳು ಓಡಿದವು, ಅಂಗಳವೆಲ್ಲ ನೀಲಿ ಹೊಗೆ. ನಾನು ಕುಣಿಯುತ್ತಿದ್ದೆ. ಜಗಲಿಯಲ್ಲಿ ಕೂತಿದ್ದ ದಾದಾ ತಲೆ ಅಲ್ಲಾಡಿಸಿದರು. "ಬಲಗಡೆ ಸೈಲೆನ್ಸರ್ ಸರಿಯಾಗಿ ಉಸಿರಾಡ್ತಿಲ್ಲ" ಅಂದರು. ಬಿಚ್ಚಿ ನೋಡಿದರೆ ಒಳಗಿನ ಕೊಳವೆಯಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು! ಬೈಕನ್ನು ಹದಿಮೂರು ವರ್ಷ ಮುಟ್ಟದವರ ಕಿವಿಗೆ ಅದು ಗೊತ್ತಾಯಿತು, ಹತ್ತು ತಿಂಗಳು ಅದರ ಜೊತೆಗಿದ್ದ ನನಗೆ ಗೊತ್ತಾಗಲಿಲ್ಲ.

ಗೆಳೆಯರು ಕೇಳುವ ಪ್ರಶ್ನೆ: ನೀನು ಓಡಿಸಿದೆಯಾ? ಇಲ್ಲ. ಗೇರ್ ಇರುವ ಬೈಕಿಗೆ ಲೈಸೆನ್ಸ್ ಸಿಗುವುದು 18 ತುಂಬಿದ ಮೇಲೆ. 16ಕ್ಕೆ ಸಿಗುವುದು 50 ಸಿಸಿ ಮೀರದ, ಗೇರ್ ಇಲ್ಲದ ವಾಹನಕ್ಕೆ ಮಾತ್ರ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಓಡಿಸಿದವರಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. ಆರ್.ಸಿ.ಯಲ್ಲಿರುವುದು ದಾದಾನ ಹೆಸರು. ನನ್ನ ಒಂದು ಸುತ್ತಿನ ಆಸೆಗೆ ಅವರು ಕೋರ್ಟಿಗೆ ಹೋಗಬೇಕೇ?

ನವೀಕರಣ, ವಿಮೆ ಎಲ್ಲ ಮುಗಿದ ಮೇಲೆ ಮಾಮು ಓಡಿಸಿದರು, ಹಿಂದೆ ದಾದಾ ಕೂತರು. ಇಬ್ಬರ ತಲೆಗೂ ಹೆಲ್ಮೆಟ್. ಮಂಕನಹಳ್ಳಿವರೆಗೆ ಹೋಗಿ ಬಂದರು. ನಾನು ಗೇಟಿನ ಹತ್ತಿರ ನಿಂತು ಸದ್ದು ಕೇಳುತ್ತಿದ್ದೆ. ಈಗ ಎರಡೂ ಸೈಲೆನ್ಸರ್ ಸರಿಯಾಗಿತ್ತು. ಇಳಿದ ಮೇಲೆ ದಾದಾ ಆರ್.ಸಿ. ಪುಸ್ತಕವನ್ನು ಮತ್ತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದರು, ಈ ಸಲ ನೂಲು ಕಟ್ಟಲಿಲ್ಲ.

ನಿಮ್ಮ ಮನೆಯಲ್ಲೂ ಹಳೆಯ ಬೈಕು ನಿಂತಿದ್ದರೆ, ತೂಕಕ್ಕೆ ಹಾಕುವ ಮೊದಲು ಮೂರು ಕೆಲಸ ಮಾಡಿ: ಆರ್.ಸಿ. ಇದೆಯೇ ಎಂದು ಹುಡುಕಿ, ಚೆಸ್ಸಿ ನಂಬರ್ ಓದಲು ಬರುತ್ತದೆಯೇ ನೋಡಿ, ಅದನ್ನು ಓಡಿಸಿದವರು ಮನೆಯಲ್ಲಿದ್ದರೆ ಅವರ ಪಕ್ಕ ಕೂತು ಅದರ ವಿಷಯ ಕೇಳಿ. ಬಣ್ಣದ ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ.